ನಮ್ದೇ ಅನ್ನೋ ಮಾತಿನ ಬೆಲೆ

(ಬೆಂಗಳೂರಿನಲ್ಲಿ ಫುಟ್‌ಬಾಲ್ ಹುಚ್ಚಿನ ಗೆಳೆಯರು ಸೇರಿದ್ದ ಒಂದು ಸಂಜೆ ನಾನು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೇಳದೆ ಉಳಿದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಮ್ಯಾಚಿನ ಕತೆ ಹೇಳುತ್ತೇನೆ. 2022ರ ಮಾರ್ಚ್ 13, ಭಾನುವಾರ. ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್ ಮೈದಾನ. ಚೆಲ್ಸಿ ವಿರುದ್ಧ ನ್ಯೂಕಾಸಲ್ ಯುನೈಟೆಡ್. ಆಟ ಮುಗಿಯುವ ಹೊತ್ತು ಬಂದರೂ ಗೋಲಿಲ್ಲ. 89ನೇ ನಿಮಿಷದಲ್ಲಿ ಚೆಲ್ಸಿಯ ಕಾಯ್ ಹಾವರ್ಟ್ಸ್ ಒಂದು ಗೋಲು ಹೊಡೆದ. ಚೆಲ್ಸಿ ಗೆದ್ದಿತು.

ಆಟ ಅಷ್ಟೇ. ಮೈದಾನದ ಹೊರಗೆ ನಡೆದದ್ದು ಬೇರೆ. ಅದಕ್ಕೆ ಮೂರು ದಿನ ಮೊದಲು ಬ್ರಿಟಿಷ್ ಸರ್ಕಾರ ಚೆಲ್ಸಿಯ ಮಾಲೀಕ ರೋಮನ್ ಅಬ್ರಮೋವಿಚ್ ಅವರ ಆಸ್ತಿಯನ್ನು ತಡೆಹಿಡಿದಿತ್ತು. ರಷ್ಯಾ ಉಕ್ರೇನಿನೊಳಗೆ ನುಗ್ಗಿ ಮೂರು ವಾರವೂ ಆಗಿರಲಿಲ್ಲ. ಅವರು ಪುಟಿನ್‌ಗೆ ಹತ್ತಿರದವರು ಅನ್ನುವುದು ಸರ್ಕಾರದ ವಾದ. ಕ್ಲಬ್ಬಿನ ಅಂಗಡಿ ಮುಚ್ಚಿತ್ತು. ಹೊಸ ಟಿಕೆಟ್ ಮಾರುವ ಹಾಗಿರಲಿಲ್ಲ.

ಎದುರಿಗಿದ್ದ ನ್ಯೂಕಾಸಲ್‌ನ ಕತೆ ಇನ್ನೊಂದು. ಆಗ ಅದರ 80% ಒಡೆತನ ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿಯದಾಗಿತ್ತು. ಆ ದೇಶ ಹಿಂದಿನ ದಿನವಷ್ಟೇ, ಅಂದರೆ ಮಾರ್ಚ್ 12ರಂದು, ಒಂದೇ ದಿನ 81 ಜನರಿಗೆ ಮರಣದಂಡನೆ ಕೊಟ್ಟಿತ್ತು. ಮ್ಯಾಚ್ ಮುಗಿದ ಮೇಲೆ ಪತ್ರಕರ್ತರು ನ್ಯೂಕಾಸಲ್ ಕೋಚ್ ಎಡ್ಡಿ ಹೋವ್ ಅವರನ್ನು ಆ ಬಗ್ಗೆ ಕೇಳಿದರು. ಅವರು ಫುಟ್‌ಬಾಲ್ ಬಗ್ಗೆ ಮಾತ್ರ ಮಾತಾಡುತ್ತೇನೆ ಅಂದರು.

ನಾನು ಆ ಮ್ಯಾಚನ್ನು ಮನೆಯಲ್ಲಿ ಕೂತು ನೋಡುತ್ತಿದ್ದೆ. ಅಲನ್ ಶಿಯರರ್ ಕಾಲದಿಂದ ನಾನು ನ್ಯೂಕಾಸಲ್ ಅಭಿಮಾನಿ. ಕೊನೆ ಗಳಿಗೆಯ ಗೋಲಿಗೆ ಹೊಟ್ಟೆ ಉರಿಯಿತು. ರಾತ್ರಿ ಊಟ ಸೇರಲಿಲ್ಲ. ಮಲಗುವ ಮುಂಚೆ ಫೋನ್ ನೋಡುವಾಗ ಆ 81 ಜನರ ಸುದ್ದಿ ಕಂಡಿತು. ಒಂದು ಗೋಲಿಗೆ ಊಟ ಬಿಟ್ಟಿದ್ದ ನಾನು ಆ ಸುದ್ದಿಯನ್ನು ಓದಿ ಪಕ್ಕಕ್ಕೆ ಸರಿಸಿ ಮಲಗಿಬಿಟ್ಟೆ. ಬೆಳಗ್ಗೆ ಎದ್ದಾಗ ಅದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಇವತ್ತು ಈ ವಿಷಯ ಆರಿಸಿಕೊಂಡದ್ದಕ್ಕೆ ಆ ರಾತ್ರಿಯೇ ಕಾರಣ.

ನಮ್ಮೂರಿನ ಒಂದು ಮಾತು ತಗೊಳ್ಳೋಣ. ಈ ಸಲ ಕಪ್ ನಮ್ದೇ. ವರ್ಷಗಟ್ಟಲೆ ಈ ಊರು ಅದನ್ನು ಹೇಳಿಕೊಂಡು ಬಂತು. 2025ರ ಜೂನ್ 3ರಂದು ಆರ್‌ಸಿಬಿ ಗೆದ್ದೇ ಬಿಟ್ಟಿತು. ಆಗ ಆ ತಂಡದ ಮಾಲೀಕರು ಯಾರು? ಯುನೈಟೆಡ್ ಸ್ಪಿರಿಟ್ಸ್. ಅದರ ಹಿಂದೆ ಲಂಡನ್ನಿನ ಡಿಯಾಜಿಯೋ ಕಂಪನಿ. ಹಾಗಂತ ಕಪ್ ಲಂಡನ್ನಿನವರದು ಅಂತ ನಮ್ಮಲ್ಲಿ ಯಾರಾದರೂ ಅಂದುಕೊಂಡೆವಾ? ಇಲ್ಲ. ಕಾಗದದ ಮೇಲೆ ತಂಡ ಯಾರದಾದರೂ ಇರಲಿ, "ನಮ್ದೇ" ಅನ್ನುವ ಮಾತಿಗೆ ಬೇರೆಯೇ ಹಕ್ಕುಪತ್ರ ಇದೆ. ಅದು ಬೀದಿಯಲ್ಲಿ, ಮನೆಯಲ್ಲಿ, ಅಪ್ಪ ಮಗಳಿಗೆ ಹೇಳುವ ಕತೆಯಲ್ಲಿ ಬರೆದದ್ದು. ಮರುದಿನ ಚಿನ್ನಸ್ವಾಮಿ ಮೈದಾನದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರಲ್ಲ, ಅವರೆಲ್ಲ ಆ ಹಕ್ಕಿನಿಂದಲೇ ಅಲ್ಲಿಗೆ ಬಂದವರು.

ಹೊರದೇಶದ ಮಾಲೀಕರ ವಿಷಯದಲ್ಲಿ ನನ್ನ ಮಾತು ಇಷ್ಟೇ. ಮಾಲೀಕರ ಪಾಸ್‌ಪೋರ್ಟ್ ಯಾವ ದೇಶದ್ದು ಅನ್ನುವುದು ನನಗೆ ಮುಖ್ಯವಲ್ಲ. ಅವರು ಕೊಂಡದ್ದು ಏನನ್ನು ಅನ್ನುವುದು ಮುಖ್ಯ. ಕೆಲವರು ಕ್ಲಬ್ ಕೊಳ್ಳುತ್ತಾರೆ. ಕೆಲವರಿಗೆ ಬೇಕಾಗಿರುವುದು ಕ್ಲಬ್ ಅಲ್ಲ, ಜನರ ಆ "ನಮ್ದೇ" ಅನ್ನುವ ಮಾತು. ಅದು ಒಮ್ಮೆ ಕೈಗೆ ಬಂದರೆ, ಮಾಲೀಕರನ್ನು ಯಾರಾದರೂ ಪ್ರಶ್ನಿಸಿದಾಗ ಎದ್ದು ನಿಲ್ಲುವವರು ಮಾಲೀಕರಲ್ಲ, ಅಭಿಮಾನಿಗಳು.

ನ್ಯೂಕಾಸಲ್ ಊರನ್ನು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಈಶಾನ್ಯ ಮೂಲೆ, ಟೈನ್ ನದಿಯ ದಂಡೆ. ಒಂದು ಕಾಲಕ್ಕೆ ಕಲ್ಲಿದ್ದಲು, ಹಡಗು ಕಟ್ಟುವ ಕೆಲಸ. ಎರಡೂ ಹೋದವು. ಲಂಡನ್ನಿನಲ್ಲಿ, ಮ್ಯಾಂಚೆಸ್ಟರಿನಲ್ಲಿ, ಲಿವರ್‌ಪೂಲ್‌ನಲ್ಲಿ ಒಂದಕ್ಕಿಂತ ಜಾಸ್ತಿ ದೊಡ್ಡ ಕ್ಲಬ್ಬುಗಳಿವೆ. ಇಲ್ಲಿ ಒಂದೇ. ಮೈದಾನ ಊರ ಹೊರಗಿಲ್ಲ, ನಡುಮಧ್ಯದ ದಿಬ್ಬದ ಮೇಲಿದೆ. ಸೇಂಟ್ ಜೇಮ್ಸ್ ಪಾರ್ಕ್. 52,000 ಜನ ಹಿಡಿಸುತ್ತದೆ. ನಮ್ಮ ಕಡೆ ಗುಡ್ಡದ ಮೇಲಿನ ದೇವಸ್ಥಾನ ಊರಿನ ಎಲ್ಲ ಕಡೆಯಿಂದ ಕಾಣುತ್ತದಲ್ಲ, ಹಾಗೆ.

ಶಿಯರರ್ ಅದೇ ಊರಿನ ಹುಡುಗ. ತಗಡು ಕೆಲಸಗಾರನ ಮಗ. 1996ರಲ್ಲಿ 1.5 ಕೋಟಿ ಪೌಂಡಿಗೆ, ಆಗಿನ ವಿಶ್ವದಾಖಲೆ ಬೆಲೆಗೆ, ಊರಿಗೆ ವಾಪಸ್ ಬಂದ. ಆದರೂ ಕಪ್ ಬರಲಿಲ್ಲ. ದೇಶದೊಳಗಿನ ದೊಡ್ಡ ಕಪ್ ಅಂತ ಕ್ಲಬ್ ಅದಕ್ಕೂ ಮೊದಲು ಕೊನೆಯ ಸಲ ಗೆದ್ದದ್ದು 1955ರಲ್ಲಿ.

2007ರಲ್ಲಿ ಕ್ಲಬ್ಬನ್ನು ಮೈಕ್ ಆಶ್ಲಿ ಕೊಂಡರು. ಅವರು ಇಂಗ್ಲೆಂಡಿನವರೇ. ಸ್ಪೋರ್ಟ್ಸ್ ಡೈರೆಕ್ಟ್ ಅಂಗಡಿಗಳ ಒಡೆಯ. ಅವರ ಕಾಲದಲ್ಲಿ ಕ್ಲಬ್ ಎರಡು ಸಲ ಕೆಳಗಿನ ದರ್ಜೆಗೆ ಬಿತ್ತು. ಸೇಂಟ್ ಜೇಮ್ಸ್ ಪಾರ್ಕ್ ಅನ್ನುವ ಹೆಸರನ್ನೇ ಕಿತ್ತು ತಮ್ಮ ಅಂಗಡಿಯ ಹೆಸರಿಟ್ಟರು. ಜೆರ್ಸಿಯ ಎದೆಯ ಮೇಲೆ ವೊಂಗಾ ಅನ್ನುವ ಮೀಟರ್ ಬಡ್ಡಿ ಥರದ ಸಾಲದ ಕಂಪನಿಯ ಹೆಸರು ಬಂತು. ಅವರ ಗೋದಾಮಿನಲ್ಲಿ ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿ ನೋಡಿ 2016ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೇ ಅದನ್ನು ವಿಕ್ಟೋರಿಯಾ ರಾಣಿ ಕಾಲದ ಬಡವರ ದುಡಿಮೆ ಮನೆಗೆ ಹೋಲಿಸಿತು. ಸ್ವದೇಶಿ ಮಾಲೀಕ ಅಂದರೆ ಒಳ್ಳೆಯವ ಅನ್ನುವ ಲೆಕ್ಕ ಇಲ್ಲೇ ಮುರಿಯುತ್ತದೆ.

ಬರಿ (Bury) ಅನ್ನುವ ಕ್ಲಬ್ಬಿನ ಕತೆ ಕೇಳಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬರಿ ಮ್ಯಾಂಚೆಸ್ಟರಿನ ಪಕ್ಕದ ಸಣ್ಣ ಊರು. ಕ್ಲಬ್ ಹುಟ್ಟಿದ್ದು 1885ರಲ್ಲಿ. ಎರಡು ಸಲ ಎಫ್‌ಎ ಕಪ್ ಗೆದ್ದದ್ದು. ಇಂಗ್ಲಿಷ್ ಮಾಲೀಕರೊಬ್ಬರು ಅದನ್ನು ಒಂದು ಪೌಂಡಿಗೆ ಕೊಂಡರು. 2019ರ ಆಗಸ್ಟ್‌ನಲ್ಲಿ, ಲೆಕ್ಕಪತ್ರ ತೋರಿಸಲಾಗದೆ, ಆ ಕ್ಲಬ್ ಲೀಗಿನಿಂದಲೇ ಹೊರಬಿತ್ತು. 134 ವರ್ಷದ ಬಾಳು.

2021ರ ಅಕ್ಟೋಬರ್ 7ರಂದು ಆಶ್ಲಿ ಹೋದರು. 30.5 ಕೋಟಿ ಪೌಂಡ್ ಕೊಟ್ಟು ಸೌದಿ ನಿಧಿ, ಜೊತೆಗೆ ಇನ್ನಿಬ್ಬರು ಸಣ್ಣ ಪಾಲುದಾರರು ಬಂದರು. ಮೈದಾನದ ಹೊರಗೆ ಸಾವಿರಾರು ಜನ ಕುಣಿದರು. ಕೆಲವರು ತಲೆಗೆ ಟವೆಲ್ ಸುತ್ತಿಕೊಂಡು ಶೇಖ್ ವೇಷ ಹಾಕಿದರು. ನಿಜ ಹೇಳುತ್ತೇನೆ, ನನಗೂ ಅವತ್ತು ಖುಷಿಯಾಯಿತು. ಹದಿನಾಲ್ಕು ವರ್ಷದ ಗ್ರಹಣ ಬಿಟ್ಟಿತು ಅನ್ನಿಸಿತು. ಅಭಿಮಾನಿಗಳ ಸಂಘ ಮತ ಕೇಳಿದಾಗ 90%ಕ್ಕೂ ಜಾಸ್ತಿ ಜನ ಈ ಮಾರಾಟಕ್ಕೆ ಒಪ್ಪಿದ್ದರು. ಅವರನ್ನು ಇಲ್ಲಿ ಕೂತು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಬಾಯಾರಿದವರು ನೀರು ಎಲ್ಲಿಂದ ಬಂತು ಅಂತ ಮೊದಲು ಕೇಳುವುದಿಲ್ಲ.

ಆದರೆ ಕುಡಿದ ಮೇಲಾದರೂ ಕೇಳಬೇಕು, ಅಲ್ವಾ?

ಆ ಅಕ್ಟೋಬರ್ 7ಕ್ಕೆ ಮೂರು ವರ್ಷ ಐದು ದಿನ ಹಿಂದೆ ಹೋಗೋಣ. 2018ರ ಅಕ್ಟೋಬರ್ 2. ಇಸ್ತಾಂಬುಲ್‌ನ ಸೌದಿ ದೂತಾವಾಸ ಕಚೇರಿ. ಪತ್ರಕರ್ತ ಜಮಾಲ್ ಖಶೋಗ್ಗಿ ಒಳಗೆ ಹೋದರು. ಅವರಿಗೆ ಬೇಕಿದ್ದದ್ದು ಮದುವೆಗೆ ಬೇಕಾದ ಕಾಗದಪತ್ರ. ಮದುವೆಯಾಗಬೇಕಿದ್ದ ಹತೀಜೆ ಜೆಂಗಿಜ್ ಹೊರಗೆ ನಿಂತು ಕಾಯುತ್ತಿದ್ದರು. ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು, ಕತ್ತಲಾಯಿತು. ಅವರು ಹೊರಗೆ ಬರಲೇ ಇಲ್ಲ. ಒಳಗೇ ಕೊಂದಿದ್ದರು. ದೇಹ ಇವತ್ತಿಗೂ ಸಿಕ್ಕಿಲ್ಲ. ಸೌದಿ ರಾಜಕುಮಾರ ಮೊಹಮ್ಮದ್ ಬಿನ್ ಸಲ್ಮಾನ್ ಅವರ ಒಪ್ಪಿಗೆಯಿಂದಲೇ ಈ ಕಾರ್ಯಾಚರಣೆ ನಡೆಯಿತು ಅಂತ ಅಮೆರಿಕದ ಗುಪ್ತಚರ ಇಲಾಖೆಯ ವರದಿ 2021ರ ಫೆಬ್ರವರಿಯಲ್ಲಿ ಹೇಳಿತು. ಅವರು ಅದನ್ನು ಅಲ್ಲಗಳೆದಿದ್ದಾರೆ. ನ್ಯೂಕಾಸಲ್ ಕೊಂಡ ನಿಧಿಯ ಅಧ್ಯಕ್ಷರೂ ಅವರೇ.

ಹತೀಜೆ ಜೆಂಗಿಜ್ 2020ರಲ್ಲೇ ನ್ಯೂಕಾಸಲ್ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆದು ಇದನ್ನು ವಿರೋಧಿಸಿ ಅಂತ ಕೇಳಿಕೊಂಡಿದ್ದರು. ಪತ್ರ ಹೋದದ್ದು ಲೀಗಿಗಷ್ಟೇ ಅಲ್ಲ, ಸರ್ಕಾರಕ್ಕಷ್ಟೇ ಅಲ್ಲ, ಅಭಿಮಾನಿಗಳಿಗೆ. ಬಹಳ ಜನ ಇದನ್ನು ಗಮನಿಸುವುದಿಲ್ಲ. "ನಮ್ದೇ" ಅನ್ನುವ ಮಾತಿಗೆ ಎಷ್ಟು ತೂಕ ಇದೆ ಅಂತ ಆ ಹೆಣ್ಣುಮಗಳಿಗೆ ಗೊತ್ತಿತ್ತು.

ಲೀಗ್ ಏನು ಮಾಡಿತು? ಮಾಲೀಕರಾಗಲು ಬರುವವರಿಗೆ ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯ ಪ್ರೀಮಿಯರ್ ಲೀಗಿನಲ್ಲಿ ಒಂದು ಅರ್ಹತಾ ಪರೀಕ್ಷೆ ಇದೆ. 2020ರ ಏಪ್ರಿಲ್‌ನಲ್ಲಿ ಶುರುವಾದ ವ್ಯವಹಾರ ಒಂದೂವರೆ ವರ್ಷ ಎಳೆಯಿತು. ಎಳೆದದ್ದು ಕೊಲೆಯ ಕಾರಣಕ್ಕಾ? ಅಲ್ಲ. ದೊಡ್ಡ ತೊಡಕು ಟಿವಿ ಹಕ್ಕು. ಪ್ರೀಮಿಯರ್ ಲೀಗ್ ಮ್ಯಾಚುಗಳನ್ನು ಆ ಪ್ರದೇಶದಲ್ಲಿ ತೋರಿಸುವ ಹಕ್ಕು ಕತಾರಿನ ಬಿಇನ್ ಸ್ಪೋರ್ಟ್ಸ್ ಬಳಿ ಇತ್ತು. ಸೌದಿಯಲ್ಲಿ ಆ ಚಾನೆಲ್ಲಿಗೆ ನಿಷೇಧ. ಅದೇ ಮ್ಯಾಚುಗಳನ್ನು ಕದ್ದು ತೋರಿಸುವ ಇನ್ನೊಂದು ಚಾನೆಲ್ 2019ರವರೆಗೂ ಅಲ್ಲಿ ಓಡಿತ್ತು. 2021ರ ಅಕ್ಟೋಬರ್ 6ರಂದು ನಿಷೇಧ ತೆಗೆಯುವ ಸುದ್ದಿ ಬಂತು. 7ರಂದು ಕ್ಲಬ್ ಕೈ ಬದಲಾಯಿತು. ಕದ್ದ ಸಿಗ್ನಲ್ಲಿಗೆ ಇದ್ದ ಬೆಲೆ ಕಳೆದುಹೋದ ಜೀವಕ್ಕೆ ಇರಲಿಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಲೀಗ್ ಇನ್ನೊಂದು ಮಾತು ಹೇಳಿತು. ಸೌದಿ ರಾಜ್ಯ ಕ್ಲಬ್ಬನ್ನು ನಡೆಸುವುದಿಲ್ಲ, ನಿಧಿ ಬೇರೆ ಸರ್ಕಾರ ಬೇರೆ, ಹಾಗಂತ ಕಾನೂನುಬದ್ಧ ಭರವಸೆ ಸಿಕ್ಕಿದೆ ಅಂತ. ಒಂದೂವರೆ ವರ್ಷ ಕಳೆಯುವುದರೊಳಗೆ, 2023ರ ಆರಂಭದಲ್ಲಿ, ಗಾಲ್ಫ್ ವಿವಾದವೊಂದರಲ್ಲಿ ಅದೇ ನಿಧಿ ಅಮೆರಿಕದ ಕೋರ್ಟಿಗೆ ದಾಖಲೆ ಒಪ್ಪಿಸುವುದನ್ನು ತಪ್ಪಿಸಿಕೊಳ್ಳಬೇಕಾಯಿತು. ಆಗ ಅದರ ವಕೀಲರು ಮಂಡಿಸಿದ ವಾದ ಏನು? ಈ ನಿಧಿ ಸೌದಿ ರಾಜ್ಯದ್ದೇ ಅಂಗ, ಇದರ ಮುಖ್ಯಸ್ಥ ಯಾಸಿರ್ ಅಲ್ ರುಮಯ್ಯಾನ್ ಸರ್ಕಾರದ ಹಾಲಿ ಸಚಿವ, ಆದ್ದರಿಂದ ರಾಜ್ಯಕ್ಕಿರುವ ರಕ್ಷಣೆ ಇವರಿಗೂ ಬೇಕು ಅಂತ. ಆ ಅಲ್ ರುಮಯ್ಯಾನ್ ಅವರೇ ನ್ಯೂಕಾಸಲ್ ಕ್ಲಬ್ಬಿನ ಅಧ್ಯಕ್ಷರು. ಲಂಡನ್ನಿನಲ್ಲಿ ಒಂದು ಮಾತು, ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು.

ಆಮೇಲೆ ಒಂದೊಂದೇ ಗುರುತು ಬಂತು. 2022ರಲ್ಲಿ ತಂಡದ ಮೂರನೇ ಜೆರ್ಸಿ ಬಿಳಿ ಹಸಿರು, ಸೌದಿ ರಾಷ್ಟ್ರೀಯ ತಂಡದ ಬಣ್ಣ. 2023ರಲ್ಲಿ ಎದೆಯ ಮೇಲೆ ಸೌದಿ ಕಂಪನಿ ಸೆಲಾ ಹೆಸರು. ಅದೇ ಸೆಪ್ಟೆಂಬರಿನಲ್ಲಿ ಸೌದಿ ರಾಷ್ಟ್ರೀಯ ತಂಡ ಸೇಂಟ್ ಜೇಮ್ಸ್ ಪಾರ್ಕಿನಲ್ಲಿ ಎರಡು ಮ್ಯಾಚ್ ಆಡಿತು.

ಇದೇ ಹೊತ್ತಿನಲ್ಲಿ ಸಲ್ಮಾ ಅಲ್ ಶೆಹಾಬ್ ಅನ್ನುವ ಹೆಣ್ಣುಮಗಳು ಸೌದಿ ಜೈಲಿನಲ್ಲಿದ್ದರು. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. ಲೀಡ್ಸ್ ಅಂದರೆ ನ್ಯೂಕಾಸಲ್‌ನಿಂದ ನೂರು ಮೈಲಿ ಆಸುಪಾಸು. ಎರಡು ಮಕ್ಕಳ ತಾಯಿ. ರಜೆಗೆ ಊರಿಗೆ ಹೋದಾಗ 2021ರ ಜನವರಿಯಲ್ಲಿ ಹಿಡಿದರು. ತಪ್ಪು ಏನೆಂದರೆ ಹೆಂಗಸರ ಹಕ್ಕಿಗಾಗಿ ಹೋರಾಡಿ ಜೈಲು ಸೇರಿದವರ ಪರವಾಗಿ ಟ್ವೀಟ್ ಮಾಡಿದ್ದು, ಬೇರೆಯವರ ಟ್ವೀಟ್ ಹಂಚಿದ್ದು. ಮೊದಲು ಆರು ವರ್ಷ ಶಿಕ್ಷೆ ಆಯಿತು. ಮೇಲ್ಮನವಿಯಲ್ಲಿ, 2022ರ ಆಗಸ್ಟ್‌ನಲ್ಲಿ, ಅದು 34 ವರ್ಷವಾಯಿತು. ಆಮೇಲೆ ಶಿಕ್ಷೆ ಇಳಿಯುತ್ತಾ ಬಂದು 2025ರ ಫೆಬ್ರವರಿಯಲ್ಲಿ ಹೊರಬಂದರು. ಮಕ್ಕಳ ನಾಲ್ಕು ವರ್ಷ ಹೋಯಿತು.

ಅವರು ಹೊರಬಂದ ಮರುತಿಂಗಳು, 2025ರ ಮಾರ್ಚ್ 16ರಂದು, ನ್ಯೂಕಾಸಲ್ ವೆಂಬ್ಲಿಯಲ್ಲಿ ಲಿವರ್‌ಪೂಲನ್ನು 2-1ರಿಂದ ಸೋಲಿಸಿ ಲೀಗ್ ಕಪ್ ಗೆದ್ದಿತು. 70 ವರ್ಷದ ಕಾಯುವಿಕೆ. ಮೊದಲ ಗೋಲು ಡ್ಯಾನ್ ಬರ್ನ್ ತಲೆಯಿಂದ. ಪಕ್ಕದ ಬ್ಲೈತ್ ಊರಿನವನು. ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಇದೇ ಕ್ಲಬ್ ಬೇಡ ಅಂತ ಕಳಿಸಿಬಿಟ್ಟಿದ್ದ ಹುಡುಗ. ನಾನು ಅತ್ತೆ. ಆ ಕಣ್ಣೀರು ಸುಳ್ಳಲ್ಲ. ಆ ಊರಿನ ಮುದುಕರ ಕಣ್ಣೀರಂತೂ ಖಂಡಿತ ಸುಳ್ಳಲ್ಲ. ಇದರಲ್ಲಿ ನೋವಿನ ಸಂಗತಿ ಅಂದರೆ ಇದೇ. ಪ್ರೀತಿ ಅಪ್ಪಟ. ಅಪ್ಪಟವಾಗಿರುವುದರಿಂದಲೇ ಅದಕ್ಕೆ ಬೆಲೆ. ಖೋಟಾ ಪ್ರೀತಿಯನ್ನು ಯಾರೂ 30.5 ಕೋಟಿ ಪೌಂಡ್ ಕೊಟ್ಟು ಕೊಳ್ಳುವುದಿಲ್ಲ.

ಇದಕ್ಕೆ ಸ್ಪೋರ್ಟ್ಸ್‌ವಾಷಿಂಗ್ ಅನ್ನುತ್ತಾರೆ. ಆಟದ ನೀರಲ್ಲಿ ಕೈ ತೊಳೆದುಕೊಳ್ಳುವುದು. 2023ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ರಾಜಕುಮಾರರನ್ನು ಈ ಪದದ ಬಗ್ಗೆ ಕೇಳಿದಾಗ, ಅದರಿಂದ ದೇಶದ ಆದಾಯ ಒಂದು ಪರ್ಸೆಂಟ್ ಜಾಸ್ತಿ ಆಗುವುದಾದರೆ ಮುಂದುವರಿಸುತ್ತೇನೆ ಅಂದರು. ಮುಚ್ಚುಮರೆ ಇಲ್ಲ.

ನನ್ನ ಈ ವಾದಕ್ಕೆ ಗಟ್ಟಿ ಉತ್ತರಗಳಿವೆ. ಅವನ್ನು ಹಾರಿಸಿ ಮುಂದೆ ಹೋದರೆ ಮೋಸ.

ಮೊದಲನೆಯದು, ಎಲ್ಲರೂ ಸೌದಿ ಹಣ ಮುಟ್ಟುತ್ತಾರೆ, ಅಭಿಮಾನಿಗಳನ್ನು ಮಾತ್ರ ಯಾಕೆ ಕೇಳುತ್ತೀರಿ ಅನ್ನುವುದು. ನಿಜ. ಬ್ರಿಟನ್ ಸರ್ಕಾರ ಸೌದಿಗೆ ಯುದ್ಧವಿಮಾನ ಮಾರಿದೆ. ಊಬರ್‌ನಲ್ಲಿ ಅದೇ ನಿಧಿ 2016ರಲ್ಲಿ 350 ಕೋಟಿ ಡಾಲರ್ ಹಾಕಿತು. ದೂರ ಯಾಕೆ, 2020ರಲ್ಲಿ ಅದೇ ನಿಧಿ ನಮ್ಮ ಜಿಯೋ ಪ್ಲಾಟ್‌ಫಾರ್ಮ್ಸ್‌ನಲ್ಲಿ 11,367 ಕೋಟಿ ರೂಪಾಯಿ ಹೂಡಿತು. ಇಲ್ಲಿ ಕೂತವರಲ್ಲಿ ಎಷ್ಟು ಜನರ ಕೈಯಲ್ಲಿ ಜಿಯೋ ಸಿಮ್ ಇದೆಯೋ. ನನ್ನ ಕೈಯಲ್ಲೂ ಇದೆ.

ಆದರೆ ಒಂದು ವ್ಯತ್ಯಾಸ ಇದೆ. ಸಿಮ್ ಕಾರ್ಡಿಗಾಗಿ ನಾನು ಹಾಡು ಹೇಳುವುದಿಲ್ಲ. ಊಬರ್ ಮಾಲೀಕರನ್ನು ಯಾರಾದರೂ ಟೀಕಿಸಿದರೆ ನನಗೆ ಮೈ ಉರಿಯುವುದಿಲ್ಲ. ಕ್ಲಬ್ಬಿನ ವಿಷಯದಲ್ಲಿ ಉರಿಯುತ್ತದೆ. 2021ರ ಅಕ್ಟೋಬರಿನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಅಭಿಮಾನಿಗಳು ಸೌದಿ ಮಾಲೀಕರನ್ನು ಖಂಡಿಸಿ ಒಂದು ದೊಡ್ಡ ಬ್ಯಾನರ್ ಬಿಡಿಸಿ ಹಿಡಿದರು. ಅದನ್ನು ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ? ಬ್ಯಾನರ್ ಹಿಡಿದವರ ಮೇಲೆ! ನನ್ನೊಳಗೆ ಯಾರೋ ಬಂದು ಕೂತು ನನ್ನ ಬಾಯಿಂದ ಮಾತಾಡಿಸುತ್ತಿದ್ದಾರೆ ಅಂತ ಆಗ ಗೊತ್ತಾಯಿತು.

2022ರ ಮಾರ್ಚ್ 5ರಂದು ಬರ್ನ್‌ಲಿಯಲ್ಲೂ ಹೀಗೇ ಆಯಿತು. ಆಟಕ್ಕೆ ಮೊದಲು ಉಕ್ರೇನ್ ಜನರಿಗಾಗಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ಚೆಲ್ಸಿ ಅಭಿಮಾನಿಗಳು ಅಬ್ರಮೋವಿಚ್ ಹೆಸರು ಕೂಗಿದರು. ಇದು ಅದಕ್ಕೆ ಸಮಯವಲ್ಲ ಅಂತ ಅವರದೇ ಕೋಚ್ ಥಾಮಸ್ ಟುಹೆಲ್ ಹೇಳಬೇಕಾಯಿತು. ಅವರು ಕೆಟ್ಟ ಜನರಲ್ಲ. 2003ರಿಂದ ಅಬ್ರಮೋವಿಚ್ ಐದು ಲೀಗ್, ಎರಡು ಚಾಂಪಿಯನ್ಸ್ ಲೀಗ್ ತಂದುಕೊಟ್ಟಿದ್ದ. ಉಪ್ಪು ತಿಂದ ಋಣ ಅಂತಾರಲ್ಲ, ಅದು. ಮುಂದೆ ಕ್ಲಬ್ 250 ಕೋಟಿ ಪೌಂಡಿಗೆ ಮಾರಾಟವಾಯಿತು. ಹಣ ಉಕ್ರೇನ್ ಯುದ್ಧದ ಸಂತ್ರಸ್ತರಿಗೆ ಅಂತ ಘೋಷಣೆ ಆಯಿತು. ಮೂರು ವರ್ಷ ದಾಟಿದರೂ ಆ ಹಣ ಬ್ರಿಟನ್ನಿನ ಬ್ಯಾಂಕಿನಲ್ಲೇ ಕೊಳೆಯಿತು.

ಎರಡನೆಯ ಮಾತು, ಇದು ಅರಬರ ಮೇಲಿನ ತಾತ್ಸಾರ ಅನ್ನುವುದು. ಇದರಲ್ಲೂ ಸತ್ಯ ಇದೆ. ಆ ಟವೆಲ್ ವೇಷಗಳನ್ನು ನೋಡಿದರೆ ಸಾಕು. ಅಮೆರಿಕದ ಗ್ಲೇಝರ್ ಕುಟುಂಬ 2005ರಲ್ಲಿ ಸಾಲ ಮಾಡಿ ಮ್ಯಾಂಚೆಸ್ಟರ್ ಯುನೈಟೆಡ್ ಕೊಂಡು, ಆ ಸಾಲವನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಅದೂ ಅನ್ಯಾಯವೇ. ಸಿಟ್ಟಾದ ಕೆಲವು ಅಭಿಮಾನಿಗಳು ಬಿಟ್ಟು ಹೋಗಿ ತಮ್ಮದೇ ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಕಟ್ಟಿಕೊಂಡರು. ಆದರೆ ಸಾಲ ಹೇರುವ ವ್ಯಾಪಾರಿ ಬೇರೆ, ಜೈಲು ನಡೆಸುವ ಸರ್ಕಾರ ಬೇರೆ. ವ್ಯಾಪಾರಿಗೆ ನಮ್ಮ ಜೇಬು ಬೇಕು. ಸರ್ಕಾರಕ್ಕೆ ನಮ್ಮ ಬಾಯಿ ಬೇಕು.

ಮ್ಯಾಂಚೆಸ್ಟರ್ ಸಿಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇಲ್ಲಿ ಅದರ ಅಭಿಮಾನಿಗಳೇ ಅರ್ಧ ಜನ ಇದ್ದೀರಿ. 2008ರಲ್ಲಿ ಅಬುಧಾಬಿಯ ಶೇಖ್ ಮನ್ಸೂರ್ ಅದನ್ನು ಥಾಯ್ಲೆಂಡಿನ ಮಾಜಿ ಪ್ರಧಾನಿ ತಕ್ಸಿನ್ ಶಿನವಾತ್ರ ಅವರಿಂದ ಕೊಂಡರು. ತಕ್ಸಿನ್ ಬಂದಾಗಲೂ ಮಾನವ ಹಕ್ಕಿನ ಸಂಘಟನೆಗಳು ಬೇಡ ಅಂದಿದ್ದವು. ಲೀಗ್ ಕೇಳಲಿಲ್ಲ. ಬಾಗಿಲು ತೆರೆದದ್ದು ಆಗಲೇ.

ಈಗ ನಮಗೆ ಹತ್ತಿರದ ಕತೆ. ನಾವೂ ಹೊರದೇಶದ ಮಾಲೀಕರೇ.

ಬ್ಲ್ಯಾಕ್‌ಬರ್ನ್ ರೋವರ್ಸ್. ಲ್ಯಾಂಕಶೈರಿನ ಬಟ್ಟೆ ಗಿರಣಿಗಳ ಊರು. ಕ್ಲಬ್ 1875ರದ್ದು. 1888ರಲ್ಲಿ ಜಗತ್ತಿನ ಮೊದಲ ಫುಟ್‌ಬಾಲ್ ಲೀಗ್ ಶುರು ಮಾಡಿದ 12 ಕ್ಲಬ್ಬುಗಳಲ್ಲಿ ಒಂದು. ಜ್ಯಾಕ್ ವಾಕರ್ ಅನ್ನುವ ಊರಿನದೇ ಉಕ್ಕಿನ ವ್ಯಾಪಾರಿ, ಚಿಕ್ಕಂದಿನಿಂದ ಅದೇ ತಂಡದ ಅಭಿಮಾನಿ, ಹಣ ಹಾಕಿ ಮೈದಾನ ಕಟ್ಟಿಸಿ ಶಿಯರರ್‌ನನ್ನು ಕರೆತಂದರು. ಹೌದು, ಅದೇ ಶಿಯರರ್, ನ್ಯೂಕಾಸಲ್‌ಗೆ ಬರುವ ಮೊದಲು. 1994-95ರಲ್ಲಿ ಅವನು 34 ಗೋಲು ಹೊಡೆದ, ಬ್ಲ್ಯಾಕ್‌ಬರ್ನ್ ಪ್ರೀಮಿಯರ್ ಲೀಗ್ ಗೆದ್ದಿತು.

ವಾಕರ್ 2000ದಲ್ಲಿ ತೀರಿಕೊಂಡರು. 2010ರ ನವೆಂಬರ್‌ನಲ್ಲಿ ಕ್ಲಬ್ಬನ್ನು 2.3 ಕೋಟಿ ಪೌಂಡಿಗೆ ಕೊಂಡದ್ದು ಪುಣೆಯ ವೆಂಕೀಸ್. ಕೋಳಿ ವ್ಯಾಪಾರದ ವೆಂಕೀಸ್, ನಮ್ಮ ಅಂಗಡಿ ಫ್ರಿಜ್ಜುಗಳಲ್ಲಿ ಸಿಗುತ್ತದಲ್ಲ, ಅದೇ. ನಮ್ಮವರು ಇಂಗ್ಲೆಂಡಿನ ಕ್ಲಬ್ ಕೊಂಡರು ಅಂತ ಎದೆ ಉಬ್ಬಿಸಿದ್ದು ನನಗೆ ನೆನಪಿದೆ. ಒಂದು ತಿಂಗಳೊಳಗೆ ಅನುಭವಿ ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದರು. ತಂಡ ಆಗ 13ನೇ ಸ್ಥಾನದಲ್ಲಿತ್ತು, ಅಂಥ ಕೆಟ್ಟದ್ದೇನಲ್ಲ. ಅವರ ಜಾಗಕ್ಕೆ ಹಿಂದೆ ಎಲ್ಲೂ ಮ್ಯಾನೇಜರ್ ಆಗಿರದ ಸ್ಟೀವ್ ಕೀನ್ ಬಂದರು. ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಚಿಕನ್ ತಿನ್ನುವ ಜಾಹೀರಾತು ಬಂತು. ಮಾಲೀಕರು ಮೈದಾನದ ಕಡೆ ಬರುವುದೇ ಅಪರೂಪವಾಯಿತು. 2012ರ ಮೇ 7ರಂದು ವಿಗನ್ ವಿರುದ್ಧ ಸೋತು ತಂಡ ಕೆಳಗೆ ಬಿತ್ತು. ಆ ಮ್ಯಾಚಿನ ನಡುವೆ ಯಾರೋ ಮೈದಾನದೊಳಗೆ ಕ್ಲಬ್ಬಿನ ಬಾವುಟ ಸುತ್ತಿದ ಜೀವಂತ ಕೋಳಿ ಬಿಟ್ಟಿದ್ದರು. ನಮ್ಮ ಪತ್ರಿಕೆಗಳು ತಮಾಷೆಯ ಫೋಟೋ ಅಂತ ಹಾಕಿದವು. ಅಲ್ಲಿನವರಿಗೆ ಅದು ಅಳುವಾಗಿತ್ತು.

ಕೊಲೆ, ಜೈಲು ಇಲ್ಲಿಲ್ಲ. ವೆಂಕೀಸ್ ಯಾವ ಸರ್ಕಾರದ ಮುಖವಾಡವೂ ಅಲ್ಲ. ವರ್ಷ ವರ್ಷ ತಮ್ಮ ಕೈಯಿಂದ ಕೋಟಿಗಟ್ಟಲೆ ಪೌಂಡ್ ಹಾಕುತ್ತಲೇ ಬಂದರು, ಅದನ್ನೂ ಹೇಳಬೇಕು. ಆಮೇಲೆ ಜಾರಿ ನಿರ್ದೇಶನಾಲಯದ ತನಿಖೆ ಬಂದು, ಬ್ಲ್ಯಾಕ್‌ಬರ್ನ್‌ಗೆ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಬೇಕಾಯಿತು. ಯೋಚಿಸಿ. ಲ್ಯಾಂಕಶೈರಿನ ಒಬ್ಬ ಅಜ್ಜ, ತನ್ನ ತಂಡಕ್ಕೆ ಹಣ ಬರುತ್ತದಾ ಅಂತ ತಿಳಿಯಲು ದೆಹಲಿಯ ಕೋರ್ಟಿನ ದಿನಾಂಕ ನೋಡಬೇಕಿತ್ತು. ಅವನನ್ನು ಯಾರೂ ಏನೂ ಕೇಳಿರಲಿಲ್ಲ. ನಾವೂ ಕೇಳಲಿಲ್ಲ.

ಕೇಳುವ ಪದ್ಧತಿ ಇರುವ ಜಾಗ ಇದೆ. ಜರ್ಮನಿಯಲ್ಲಿ 1998ರಿಂದ ಒಂದು ನಿಯಮ. ಯಾರು ಎಷ್ಟೇ ಹಣ ಹಾಕಲಿ, ಕ್ಲಬ್ಬಿನ ಮತದ ಅರ್ಧಕ್ಕಿಂತ ಒಂದು ಜಾಸ್ತಿ ಸದಸ್ಯರ ಕೈಲೇ ಇರಬೇಕು. ಅದಕ್ಕೆ 50+1 ಅನ್ನುತ್ತಾರೆ. ಲೆವರ್ಕುಸನ್, ವೋಲ್ಫ್ಸ್‌ಬರ್ಗ್ ಥರದ ಅಪವಾದಗಳಿವೆ, ತೂತುಗಳೂ ಇವೆ. ಆದರೂ 2024ರ ಆರಂಭದಲ್ಲಿ ಲೀಗ್ ತನ್ನ ಟಿವಿ ಹಕ್ಕಿನ ಆದಾಯದಲ್ಲಿ ಪಾಲು ಮಾರಲು ಹೊರಟಾಗ ಅಲ್ಲಿನ ಜನ ಮೈದಾನಕ್ಕೆ ಟೆನ್ನಿಸ್ ಬಾಲ್ ಎಸೆದರು. ವಾರಗಟ್ಟಲೆ, ಮ್ಯಾಚ್ ಮೇಲೆ ಮ್ಯಾಚ್. ಫೆಬ್ರವರಿ ಮುಗಿಯುವುದರೊಳಗೆ ಲೀಗ್ ಕೈಬಿಟ್ಟಿತು.

ಇಂಗ್ಲೆಂಡ್ ಕೂಡ ಸ್ವಲ್ಪ ಕದಲಿದೆ. 2023ರ ಮಾರ್ಚ್‌ನಲ್ಲಿ ಪ್ರೀಮಿಯರ್ ಲೀಗ್ ತನ್ನ ಪರೀಕ್ಷೆಯಲ್ಲಿ ಮಾನವ ಹಕ್ಕು ಉಲ್ಲಂಘನೆಯನ್ನೂ ಸೇರಿಸಿತು. 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂತು, ಸ್ವತಂತ್ರ ನಿಯಂತ್ರಕರು ಬಂದರು. ಇನ್ನು ಕ್ಲಬ್ಬಿನ ಬಣ್ಣ, ಲಾಂಛನ ಬದಲಾಯಿಸಬೇಕಾದರೆ ಅಭಿಮಾನಿಗಳನ್ನು ಕೇಳಬೇಕು. ಒಳ್ಳೆಯದೇ. ಆದರೆ ಬಣ್ಣಕ್ಕೆ ಇರುವ ಕಾವಲು ಹಣದ ಮೂಲಕ್ಕೆ ಅಷ್ಟು ಗಟ್ಟಿಯಾಗಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಬರೆಯುತ್ತೇನೆ.

ನ್ಯೂಕಾಸಲ್ ಜೆರ್ಸಿ ಹಾಕಿಕೊಂಡು ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಕೇಳಿದಳು. "ಹಾಗಾದ್ರೆ ಇದನ್ನ ಬಿಚ್ಚಿಡಬೇಕಾ ಸರ್?"

ಬೇಡ ಅಂದೆ. ಆ ಕಪ್ಪು ಬಿಳಿ ಪಟ್ಟೆ 2021ರಲ್ಲಿ ಹುಟ್ಟಿದ್ದಲ್ಲ, ಯಾವ ನಿಧಿಯೂ ಅದನ್ನು ನೇಯಲಿಲ್ಲ. ಅದನ್ನು ಬಿಟ್ಟುಕೊಟ್ಟು ಹೊರಟರೆ ಅವರಿಗೇ ಅನುಕೂಲ. ನ್ಯೂಕಾಸಲ್‌ನಲ್ಲೇ ಸ್ಪೋರ್ಟ್ಸ್‌ವಾಷಿಂಗ್ ವಿರೋಧಿಸುವ ಅಭಿಮಾನಿಗಳ ಒಂದು ಸಣ್ಣ ಗುಂಪಿದೆ. ತಂಡವನ್ನು ಅವರೂ ಪ್ರೀತಿಸುತ್ತಾರೆ. ಜೈಲಿನಲ್ಲಿರುವವರ ಹೆಸರನ್ನೂ ಹೇಳುತ್ತಾರೆ. ಸ್ವಂತ ಊರಿನವರ ಬೈಗುಳ ತಿನ್ನುತ್ತಾರೆ. ನಾನು ಅವರಷ್ಟು ಗಟ್ಟಿಗನಲ್ಲ. ಆದರೆ ಬ್ಯಾನರ್ ಹಿಡಿದವನ ಮೇಲೆ ಸಿಟ್ಟಾಗುವುದನ್ನು ಬಿಟ್ಟಿದ್ದೇನೆ.

ಎರಡನೆಯದು ಗೌತಮಪುರದ ಕಡೆಯ ಹುಡುಗನದು. ಪೆಲೆ ಪ್ರತಿಮೆ ಇರುವ ಕೇರಿ ಅದು. ಅವನು ಸ್ವತಃ ಆಡುವವನು. "ಸರ್, ಅದೆಲ್ಲ ಅಲ್ಲಿಯವರಿಗೆ. ಇಲ್ಲಿ 2025ರಲ್ಲಿ ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ಲೇ ನಡೆಯುತ್ತೋ ಇಲ್ವೋ ಅಂತಲೇ ಗೊತ್ತಿರಲಿಲ್ಲ. ನಮ್ಮ ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಆಟಗಾರರ ಸಂಬಳ ನಿಲ್ಲಿಸಿತ್ತು. ಮುಂಬೈ ಸಿಟಿಗೆ 2019ರಲ್ಲಿ ಮ್ಯಾಂಚೆಸ್ಟರ್ ಸಿಟಿ ಗುಂಪಿನವರು ಬಂದು 65% ತಗೊಂಡರು, ಅವರು ಕಪ್ಪೂ ಗೆದ್ದರು. ನಾಳೆ ಇಲ್ಲಿಗೂ ಅಂಥ ದುಡ್ಡು ಬಂದ್ರೆ ಬೇಡ ಅಂತೀರಾ?"

ಸಭೆ ಸುಮ್ಮನಾಯಿತು. ಬೇಡ ಅನ್ನುವ ಧೈರ್ಯ ನನಗೆ ಇರುತ್ತದಾ ಅಂತ ಗೊತ್ತಿಲ್ಲ ಅಂದೆ. ಸಹಿ ಹಾಕುವ ಮೊದಲು ಅಭಿಮಾನಿಗಳಿಗೊಂದು ಮತ ಬರೆಸಿಕೊಳ್ಳಿ, ಮಾಲೀಕರನ್ನು ಟೀಕಿಸಿದವರನ್ನು ಮೈದಾನದಿಂದ ಹೊರಗೆ ಹಾಕುವುದಿಲ್ಲ ಅಂತ ಬರೆಸಿಕೊಳ್ಳಿ ಅಂದೆ. ಅವನಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಟೀ ಕುಡಿಯುವಾಗ ಅವನೇ ಹತ್ತಿರ ಬಂದ. ನಿಮ್ಮ ತಂಡ ಹೇಗೆ ನಡೆಯುತ್ತದೆ ಅಂತ ಕೇಳಿದೆ. ಚಂದಾ ಅಂದ. ಹುಡುಗರು ತಿಂಗಳಿಗೆ ಇಷ್ಟು ಅಂತ ಹಾಕುತ್ತಾರೆ, ಹಳೆ ಆಟಗಾರರು ಕೈಲಾದಷ್ಟು ಕೊಡುತ್ತಾರೆ, ಬಾಲು ಗೋಲ್‌ಕೀಪರ್ ಗ್ಲೌಸು ಅದರಲ್ಲೇ. ಲೆಕ್ಕಕ್ಕೆ ಒಂದು ನೋಟ್‌ಬುಕ್ ಇದೆಯಂತೆ. ಕೊಟ್ಟವರ ಹೆಸರು ಒಂದು ಕಡೆ, ಬಾಕಿ ಇರುವವರದು ಇನ್ನೊಂದು ಕಡೆ. ಅವನ ಅಪ್ಪನ ಹೆಸರು ಕೂಡ ಹಳೆ ಪುಸ್ತಕದಲ್ಲಿ ಇದೆಯಂತೆ.

ಆ ಪುಸ್ತಕ ನೋಡಬಹುದಾ ಅಂತ ಕೇಳಿದೆ. "ಭಾನುವಾರ ಮ್ಯಾಚ್ ಇದೆ, ಬನ್ನಿ ಸರ್, ತೋರಿಸ್ತೀನಿ" ಅಂದ.